ಹೊಣೆ ಬರೀ ಹೊಟ್ಟೆಯದಲ್ಲ

ಬೊಜ್ಜಿನ ಮಾತು ಬಂದಲ್ಲೆಲ್ಲ ನಮ್ಮಲ್ಲಿ ತೀರ್ಪು ಮೊದಲೇ ಸಿದ್ಧವಾಗಿರುತ್ತದೆ: ಮಾಡಿದ್ದುಣ್ಣೋ ಮಹರಾಯ. ಬಾಯಿ ಕಟ್ಟಲಾರದವರು, ಬೆಳಿಗ್ಗೆ ಎದ್ದು ನಾಲ್ಕು ಹೆಜ್ಜೆ ನಡೆಯಲು ಸೋಮಾರಿತನ ಪಡುವವರು, ಕರಿದದ್ದು ಕುರುಕಲು ಕಂಡರೆ ಬಿಡದವರು ದಪ್ಪಗಾಗುತ್ತಾರೆ. ಅದರ ಬೆನ್ನಿಗೇ ಬರುವ ಸಕ್ಕರೆ ಕಾಯಿಲೆ, ಮಂಡಿನೋವು, ಎದೆನೋವುಗಳನ್ನೂ ಅವರೇ ಅನುಭವಿಸಲಿ. ಮದುವೆಮನೆಯ ಪಂಕ್ತಿಯಲ್ಲಿ ನೆಂಟರು ಹೇಳುವುದು ಇದನ್ನೇ. ಕ್ಲಿನಿಕ್ಕಿನಲ್ಲಿ ತೂಕದ ಯಂತ್ರದಿಂದ ಇಳಿಯುವಷ್ಟರಲ್ಲಿ ಕಿವಿಗೆ ಬೀಳುವುದೂ ಇದೇ. ಈಗ ಈ ಮಾತು ಮನೆ, ಕ್ಲಿನಿಕ್ಕುಗಳ ಹೊಸ್ತಿಲು ದಾಟಿ ಸಾರ್ವಜನಿಕ ನೀತಿಯ ಭಾಷೆಯೂ ಆಗಿದೆ. ‘ತೂಕ ಇಳಿಸಿಕೊಳ್ಳುವುದು ಅವರವರ ಹೊಣೆ. ನಾಲಿಗೆಯನ್ನು ಹತೋಟಿಯಲ್ಲಿ ಇಟ್ಟುಕೊಳ್ಳದವರ ಚಿಕಿತ್ಸೆಗೆ ಉಳಿದವರ ತೆರಿಗೆ, ಉಳಿದವರ ವಿಮೆಯ ಕಂತು ಏಕೆ ಸವೆಯಬೇಕು?’ ಎಂದು ಓದುಬರಹ ಬಲ್ಲವರೇ ಕೇಳುತ್ತಾರೆ. ಅದನ್ನು ನ್ಯಾಯದ ಪ್ರಶ್ನೆ ಎಂದು ಮನಸಾರೆ ನಂಬಿಯೇ ಕೇಳುತ್ತಾರೆ.

ಇದು ನ್ಯಾಯವಲ್ಲ ಎಂಬುದು ನನ್ನ ವಾದ. ಒಂದು ಸಂಗತಿಯನ್ನು ಬದಲಿಸುವ ಶಕ್ತಿ ಯಾರ ಕೈಯಲ್ಲಿ ಎಷ್ಟಿದೆಯೋ ಅವರ ಹೊಣೆಯೂ ಅಷ್ಟಿರಬೇಕು. ಬೊಜ್ಜಿನ ವಿಷಯದಲ್ಲಿ ನಾವು ಇದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ಆಹಾರದ ದರ, ಪೊಟ್ಟಣ, ಜಾಹೀರಾತು, ಬೀದಿ, ಶಾಲೆ ಯಾವುದರ ಮೇಲೂ ಹಿಡಿತವಿಲ್ಲದ ವ್ಯಕ್ತಿಯ ಹೆಗಲಿಗೆ ಪೂರ್ತಿ ಹೊಣೆ ಹೊರಿಸಿ, ಇವೆಲ್ಲವನ್ನೂ ನಿರ್ಧರಿಸುವವರನ್ನು ಸುಮ್ಮನೆ ಬಿಟ್ಟಿದ್ದೇವೆ. ಈ ನಿಲುವಿಗೆ ವಿಜ್ಞಾನದ ಆಧಾರವಿಲ್ಲ, ನೈತಿಕ ಸಮರ್ಥನೆಯೂ ಇಲ್ಲ. ಇದನ್ನು ನಂಬಿ ಜಗತ್ತಿನ ಯಾವ ದೇಶವೂ ಬೊಜ್ಜನ್ನು ಹಿಮ್ಮೆಟ್ಟಿಸಿಲ್ಲ.

ಮೊದಲು ಲೆಕ್ಕವನ್ನೇ ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2005-06ರ ಸುತ್ತಿನಲ್ಲಿ ದೇಶದ ಗಂಡಸರ ಪೈಕಿ ಶೇ. 9.3ರಷ್ಟು ಮಂದಿಯ ತೂಕ ಮಿತಿ ಮೀರಿತ್ತು. 2019-21ರ ಸುತ್ತಿನ ಹೊತ್ತಿಗೆ ಅದು ಶೇ. 22.9 ಆಯಿತು. ಹೆಂಗಸರಲ್ಲಿ ಶೇ. 12.6 ಇದ್ದದ್ದು ಶೇ. 24ಕ್ಕೆ ಏರಿತು. ಕರ್ನಾಟಕ ಇನ್ನೂ ಮುಂದಿದೆ: ಹೆಂಗಸರಲ್ಲಿ ಶೇ. 30.1, ಗಂಡಸರಲ್ಲಿ ಶೇ. 30.9. ಬೊಜ್ಜಿಗೆ ಸಂಕಲ್ಪಬಲದ ಕೊರತೆಯೇ ಕಾರಣವೆನ್ನುವವರು ಈ ಏರಿಕೆಗೆ ಉತ್ತರ ಹೇಳಬೇಕು. ಹದಿನೈದು ವರ್ಷಗಳಲ್ಲಿ ಕೋಟ್ಯಂತರ ಜನರ ಮನೋಬಲ ಒಟ್ಟಿಗೇ ಕುಸಿಯಿತೇ? ಅದೇ ಹೊತ್ತಿಗೆ ಮೆಕ್ಸಿಕೋದಲ್ಲಿ, ಬ್ರೆಜಿಲ್‌ನಲ್ಲಿ, ಈಜಿಪ್ಟ್‌ನಲ್ಲೂ ಕುಸಿಯಿತೇ? ಮನುಷ್ಯರ ಸ್ವಭಾವ ಅಷ್ಟು ಬೇಗ, ಅಷ್ಟು ಕಡೆ, ಒಂದೇ ದಿಕ್ಕಿಗೆ ಬದಲಾಗುವುದಿಲ್ಲ. ಬದಲಾದದ್ದು ಅವರ ಸುತ್ತಲಿನ ಊಟ, ದುಡಿಮೆ, ಓಡಾಟ, ಮಾರುಕಟ್ಟೆ.

ಊಟ ಬದಲಾದರೆ ಮನುಷ್ಯ ಎಷ್ಟು ಬದಲಾಗುತ್ತಾನೆ ಎಂಬುದಕ್ಕೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗ ಸಾಕ್ಷಿ. 20 ಮಂದಿಯನ್ನು ಸಂಸ್ಥೆಯಲ್ಲೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರ, ಎರಡು ವಾರ ಮನೆಯಡುಗೆಯಂಥ ಸಂಸ್ಕರಿಸದ ಆಹಾರ ಕೊಟ್ಟರು. ತಟ್ಟೆಗೆ ಬಡಿಸಿದ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು, ಉಪ್ಪು ಎರಡರಲ್ಲೂ ಸರಿಸಮ. ಬೇಕಾದಷ್ಟು ತಿನ್ನಿ, ಬೇಡವಾದರೆ ಬಿಡಿ ಎಂದರು. ಸಂಸ್ಕರಿಸಿದ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಎರಡು ವಾರದಲ್ಲಿ ಸುಮಾರು ಒಂದು ಕಿಲೋ ತೂಕ ಕೂಡಿತು. ಇನ್ನೊಂದು ಊಟದಲ್ಲಿ ಅಷ್ಟೇ ತೂಕ ಇಳಿಯಿತು. ಅದೇ ಜನ, ಅದೇ ಮನೋಬಲ, ಅದೇ ನಾಲಿಗೆ. ತಟ್ಟೆ ಬದಲಾಯಿತು, ತೂಕ ಬದಲಾಯಿತು. ಇಪ್ಪತ್ತು ಜನರ ಪ್ರಯೋಗ ಚಿಕ್ಕದು ಎಂದು ಆಕ್ಷೇಪಿಸಬಹುದು. ಆದರೆ ಒಬ್ಬೊಬ್ಬರನ್ನೂ ಅವರೊಂದಿಗೇ ಹೋಲಿಸಿ ನೋಡಿದ ಪ್ರಯೋಗ ಇದು; ಶಿಸ್ತಿನವರು, ಶಿಸ್ತಿಲ್ಲದವರು ಎಂಬ ಭೇದಕ್ಕೆ ಇಲ್ಲಿ ಜಾಗವೇ ಇಲ್ಲ.

ಇನ್ನು ಒಮ್ಮೆ ಏರಿದ ತೂಕವನ್ನು ಇಳಿಸುವ ಮಾತು. ಇಳಿಸಿದವರಿದ್ದಾರಲ್ಲ, ಉಳಿದವರಿಗೇನು ಕಷ್ಟ ಎಂಬ ಪ್ರಶ್ನೆ ಯಾವಾಗಲೂ ಬರುತ್ತದೆ. ಅಮೆರಿಕದ ‘ದಿ ಬಿಗೆಸ್ಟ್ ಲೂಸರ್’ ಎಂಬ ಟೀವಿ ಸ್ಪರ್ಧೆಯಲ್ಲಿ ತೂಕ ಇಳಿಸಿ ಚಪ್ಪಾಳೆ ಗಿಟ್ಟಿಸಿದ 14 ಮಂದಿಯನ್ನು ಆರು ವರ್ಷಗಳ ನಂತರ ಮತ್ತೆ ಪರೀಕ್ಷಿಸಿದರು. 13 ಮಂದಿಗೆ ತೂಕ ಮರಳಿತ್ತು. ನಾಲ್ವರು ಮೊದಲಿಗಿಂತ ಭಾರವಾಗಿದ್ದರು. ಅವರ ದೇಹ ಆ ತೂಕಕ್ಕೆ ಸಹಜವಾಗಿ ಖರ್ಚು ಮಾಡಬೇಕಿದ್ದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತಿತ್ತು. ಇಳಿದ ತೂಕವನ್ನು ದೇಹ ಬರಗಾಲವೆಂದೇ ತಿಳಿಯುತ್ತದೆ. ಹಸಿವು ಹೆಚ್ಚಿಸುತ್ತದೆ, ಖರ್ಚು ತಗ್ಗಿಸುತ್ತದೆ, ವರ್ಷಗಟ್ಟಲೆ ಬಿಡದೆ ಎಳೆಯುತ್ತದೆ. ದತ್ತು ಮಕ್ಕಳ ಮೇಲೆ ಡೆನ್ಮಾರ್ಕ್‌ನಲ್ಲಿ ನಡೆದು 1986ರಲ್ಲಿ ಪ್ರಕಟವಾದ ಅಧ್ಯಯನವೂ ನೆನಪಿಡತಕ್ಕದ್ದು. ದೊಡ್ಡವರಾದ ಮೇಲೆ ಆ ಮಕ್ಕಳ ಮೈಕಟ್ಟು ಹೆತ್ತವರದನ್ನು ಹೋಲಿತು. ಉಣ್ಣಿಸಿ ಬೆಳೆಸಿದವರದನ್ನು ಹೋಲಲಿಲ್ಲ. ಒಂದೇ ಮನೆಯಲ್ಲಿ ಒಂದೇ ಅಡುಗೆ ಉಂಡು ಬೆಳೆದ ಅಣ್ಣ ತೆಳ್ಳಗೆ, ತಂಗಿ ದಪ್ಪಗೆ ಇರುವುದನ್ನು ಕಂಡವರಿಗೆ ಇದು ಹೊಸದೂ ಅಲ್ಲ.

ಹಸಿವು ಬರೀ ನಡತೆಯ ಮಾತಲ್ಲ, ದೇಹದೊಳಗಿನ ಹಾರ್ಮೋನುಗಳ ಮಾತೂ ಹೌದು ಎಂಬುದಕ್ಕೆ ಈಗ ಔಷಧದಂಗಡಿಯೇ ಸಾಕ್ಷಿ ಹೇಳುತ್ತಿದೆ. 2025ರ ಮಾರ್ಚ್‌ನಲ್ಲಿ ತೂಕ ಇಳಿಸುವ ಮೌಂಜಾರೋ ಚುಚ್ಚುಮದ್ದು ಭಾರತದ ಮಾರುಕಟ್ಟೆಗೆ ಬಂತು. ವಾರಕ್ಕೊಂದು ಚುಚ್ಚುಮದ್ದು ತೆಗೆದುಕೊಂಡವರಲ್ಲಿ ಹಸಿವು ತಾನಾಗಿಯೇ ತಗ್ಗುತ್ತದೆ; ಮದ್ದು ನಿಲ್ಲಿಸಿದರೆ ತೂಕ ಮರಳತೊಡಗುತ್ತದೆ. ಔಷಧ ಯಾರ ಗುಣವನ್ನೂ ತಿದ್ದಲಿಲ್ಲ, ಹಾರ್ಮೋನಿನ ಸಂದೇಶವನ್ನು ತಿದ್ದಿತು. ಬಿಡುಗಡೆಯಾದಾಗಿನ ದರದಲ್ಲಿ ಅತಿ ಕಡಿಮೆ ಪ್ರಮಾಣದ ಮದ್ದಿಗೇ ತಿಂಗಳಿಗೆ 14,000 ರೂಪಾಯಿ ಬೇಕಿತ್ತು. ತಿಂಗಳ ಸಂಬಳವೇ ಅಷ್ಟಿರುವ ಮನೆಗಳ ನಾಡಿನಲ್ಲಿ, ದುಡ್ಡಿದ್ದವರಿಗೆ ಬೊಜ್ಜು ಚಿಕಿತ್ಸೆ ಇರುವ ಕಾಯಿಲೆ, ಇಲ್ಲದವರಿಗೆ ಅದೇ ಬೊಜ್ಜು ಸೋಮಾರಿತನ ಎಂಬ ವಿಂಗಡಣೆ ನಮ್ಮ ಕಣ್ಣೆದುರೇ ನಡೆಯುತ್ತಿದೆ. ಸಮಾನತೆಯ ಬಗ್ಗೆ ಕಾಳಜಿಯಿರುವವರು ಮೊದಲು ಪ್ರಶ್ನಿಸಬೇಕಾದದ್ದು ಇದನ್ನು.

ಹೊಣೆಯ ಲೆಕ್ಕವನ್ನು ಎಲ್ಲಿಂದ ಶುರು ಮಾಡಬೇಕು ಎಂಬ ಪ್ರಶ್ನೆಗೆ ಮೈಸೂರಿನಲ್ಲಿ ಒಂದು ಉತ್ತರವಿದೆ. ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ಹಾಗೆ ಹುಟ್ಟಿದವರನ್ನು ನಡುವಯಸ್ಸಿಗೆ ಬಂದ ಮೇಲೆ ಹುಡುಕಿ ಪರೀಕ್ಷಿಸಿದ ಅಧ್ಯಯನ 1996ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ಶೇ. 11ರಷ್ಟು ಮಂದಿಗೆ ಹೃದ್ರೋಗವಿತ್ತು. ಮೂರು ಕಿಲೋ ದಾಟಿ ಹುಟ್ಟಿದ್ದವರಲ್ಲಿ ಅದು ಶೇ. 3 ಮಾತ್ರ. ಅದೇ ಆಸ್ಪತ್ರೆಯಲ್ಲಿ ಮುಂದೆ ನಡೆದ ಪಾರ್ಥೆನಾನ್ ಅಧ್ಯಯನ, ಬಸುರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡ ತಾಯಂದಿರ ಮಕ್ಕಳಲ್ಲಿ ಶಾಲೆಯ ವಯಸ್ಸಿಗೇ ಕೊಬ್ಬು ಹೆಚ್ಚಿರುವುದನ್ನು ತೋರಿಸಿತು. ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ಕಂಡದ್ದು ಇದಕ್ಕೆ ಸೇರುತ್ತದೆ: ಅಲ್ಲಿನ ಕೂಸುಗಳ ಸರಾಸರಿ ತೂಕ ಸುಮಾರು 2.7 ಕಿಲೋ, ಇಂಗ್ಲೆಂಡಿನ ಕೂಸುಗಳದು ಸುಮಾರು 3.5 ಕಿಲೋ. ನಮ್ಮ ಕೂಸುಗಳಲ್ಲಿ ಸ್ನಾಯು ಕಡಿಮೆ, ಅಂಗಾಂಗಗಳು ಚಿಕ್ಕವು. ಕೊಬ್ಬು ಮಾತ್ರ ಹೆಚ್ಚೂಕಡಿಮೆ ಅಷ್ಟೇ. ತಾಯಿಯ ಹೊಟ್ಟೆಗೆ ಊಟ ಸಾಲದೆ ಹೋದದ್ದು ಮಗುವಿನ ಮೈಯಲ್ಲಿ ಹೀಗೆ ದಾಖಲಾಗುತ್ತದೆ, ಮುಂದೆ ಊಟ ದಂಡಿಯಾಗಿ ಸಿಕ್ಕಾಗ ಕಾಯಿಲೆಯಾಗಿ ಹೊರಬೀಳುತ್ತದೆ.

2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ. 35.4ರಷ್ಟು ಮಕ್ಕಳ ಎತ್ತರ ವಯಸ್ಸಿಗೆ ತಕ್ಕಷ್ಟಿರಲಿಲ್ಲ. ಅಪೌಷ್ಟಿಕತೆ ಬಡವರ ಪಾಡು, ಬೊಜ್ಜು ಉಳ್ಳವರ ಪಾಪ ಎಂದು ಎರಡು ಪೆಟ್ಟಿಗೆಗಳಲ್ಲಿ ಇಡುವವರು ಇದನ್ನು ಗಮನಿಸಬೇಕು. ಇವೆರಡೂ ಒಂದೇ ಬದುಕಿನ ಎರಡು ತುದಿಗಳು. ಇಂದು ಅಂಗನವಾಡಿಯಲ್ಲಿ ತೂಕ ಸಾಲದ ಮಗು ನಲವತ್ತಕ್ಕೆ ಹೊಟ್ಟೆ ಬಂದು ಸಕ್ಕರೆ ಕಾಯಿಲೆ ಹಿಡಿಸಿಕೊಂಡಾಗ, ಅದು ಯಾವ ವಯಸ್ಸಿನಲ್ಲಿ ತಪ್ಪು ಮಾಡಿತು ಎಂದು ತೋರಿಸಬಲ್ಲಿರಾ?

ನಮ್ಮ ದೇಶದಲ್ಲಿ ಬೊಜ್ಜು ಇಂದಿಗೂ ಬಡವರಿಗಿಂತ ಉಳ್ಳವರಲ್ಲೇ ಹೆಚ್ಚು, ಹಳ್ಳಿಗಿಂತ ಪಟ್ಟಣದಲ್ಲೇ ಹೆಚ್ಚು ಎಂಬುದು ನಿಜ. ನನ್ನ ಎದುರುಪಕ್ಷದವರು ಇದನ್ನು ದೊಡ್ಡ ಆಧಾರವಾಗಿ ಎತ್ತಿಹಿಡಿಯುತ್ತಾರೆ. ಆದರೆ ನಮಗಿಂತ ಮೊದಲು ಈ ಹಾದಿ ತುಳಿದ ಬಹಳಷ್ಟು ದೇಶಗಳಲ್ಲಿ ಬೊಜ್ಜು ಶ್ರೀಮಂತರ ಮನೆಯಲ್ಲಿ ಹುಟ್ಟಿ ಬಡವರ ಮನೆಯಲ್ಲಿ ನೆಲೆನಿಂತಿದೆ. ಕಾರಣ ಸರಳ. ಉಳ್ಳವರು ತರಕಾರಿ, ಹಣ್ಣು, ಬೇಳೆ, ಮೊಟ್ಟೆ, ವಾಕಿಂಗಿಗೆ ಉದ್ಯಾನ, ಆಳುಕಾಳು, ಬಿಡುವು ಎಲ್ಲವನ್ನೂ ದುಡ್ಡು ಕೊಟ್ಟು ಪಡೆಯಬಲ್ಲರು. ಭಾರತೀಯರು ತಮಗೆ ಬೇಕಾದ ಕ್ಯಾಲೊರಿಗಳಲ್ಲಿ ಸುಮಾರು ಶೇ. 62ರಷ್ಟನ್ನು ಅಕ್ಕಿ, ಗೋಧಿ, ಸಕ್ಕರೆಯಂಥ ಶರ್ಕರಪಿಷ್ಟ ಪದಾರ್ಥಗಳಿಂದಲೇ ಪಡೆಯುತ್ತಿದ್ದಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಇಂಡಿಯಾಬ್ ಅಧ್ಯಯನ 2025ರಲ್ಲಿ ಹೇಳಿತು. ಅವರು ಬೇಳೆ, ಮೊಟ್ಟೆ ಒಲ್ಲೆವೆಂದದ್ದಲ್ಲ. ಪಡಿತರದಲ್ಲಿ ಅಗ್ಗವಾಗಿ ಸಿಕ್ಕಿದ್ದು ಅಕ್ಕಿ, ಗೋಧಿ. ಕರ್ನಾಟಕ ಸರ್ಕಾರದ ಅನ್ನಭಾಗ್ಯ ಯೋಜನೆ ಹಸಿವನ್ನು ತಡೆಯಿತು, ಅದು ಸಣ್ಣ ಸಾಧನೆಯಲ್ಲ. ಆದರೆ ಚೀಲದಲ್ಲಿ ಏನಿರಬೇಕೆಂದು ನಿರ್ಧರಿಸಿದ್ದು ಸರ್ಕಾರವೇ ಹೊರತು ಪಡಿತರ ಚೀಟಿ ಹಿಡಿದು ನಿಂತವರಲ್ಲ.

ಮೈಯಾಡಿಸುವ ಮಾತೂ ಹೀಗೆಯೇ. 2022ರ ಹೊತ್ತಿಗೆ ದೇಶದ ವಯಸ್ಕರಲ್ಲಿ ಅರ್ಧದಷ್ಟು ಮಂದಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲವೆಂದು ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಅಂದಾಜಿಸಿತು: ಗಂಡಸರಲ್ಲಿ ಸುಮಾರು ಶೇ. 42, ಹೆಂಗಸರಲ್ಲಿ ಸುಮಾರು ಶೇ. 57. ಹೆಂಗಸರು ಸೋಮಾರಿಗಳೆಂದು ಇದರಿಂದ ತಿಳಿಯುವವರು ಒಬ್ಬ ಗಾರ್ಮೆಂಟ್ಸ್ ಕೆಲಸಗಾರ್ತಿಯ ದಿನವನ್ನು ಯೋಚಿಸಲಿ. ಬೆಳಗಿನ ಜಾವ ಎದ್ದು ಅಡುಗೆ, ಡಬ್ಬಿ, ಮಕ್ಕಳು. ಆಮೇಲೆ ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂತ ಕೆಲಸ. ಸಂಜೆ ನೂಕುನುಗ್ಗಲಿನ ಬಸ್ಸು. ಮನೆ ಸೇರಿದ ಮೇಲೆ ಮತ್ತೆ ಒಲೆ. ಆಕೆ ಯಾವ ಹೊತ್ತಿನಲ್ಲಿ, ಯಾವ ಫುಟ್‌ಪಾತಿನ ಮೇಲೆ, ಯಾವ ದೀಪದ ಬೆಳಕಿನಲ್ಲಿ ವಾಕಿಂಗ್ ಹೋಗಬೇಕು? ಕತ್ತಲಾದ ಮೇಲೆ ಹೆಣ್ಣೊಬ್ಬಳು ನಿರ್ಭಯವಾಗಿ ನಡೆಯಬಲ್ಲ ರಸ್ತೆ ಕೊಡದ ಊರಿಗೆ ಆಕೆಯ ಸೊಂಟದ ಸುತ್ತಳತೆಯ ಬಗ್ಗೆ ಉಪದೇಶ ಮಾಡುವ ಹಕ್ಕಿಲ್ಲ.

ಈಗ ಸರ್ಕಾರದ ನಡೆಯನ್ನು ನೋಡೋಣ. 2025ರ ಫೆಬ್ರುವರಿಯ ‘ಮನದ ಮಾತು’ ಕಾರ್ಯಕ್ರಮದಲ್ಲಿ ಪ್ರಧಾನಿಯವರು ಬೊಜ್ಜಿನ ಬಗ್ಗೆ ಎಚ್ಚರಿಸಿ, ಅಡುಗೆ ಎಣ್ಣೆಯನ್ನು ಶೇ. 10ರಷ್ಟು ಕಡಿಮೆ ಬಳಸಿ, ಹತ್ತು ಜನರಿಗೆ ಸವಾಲು ಹಾಕಿ ಎಂದು ಕರೆ ಕೊಟ್ಟರು. ಮರುದಿನ ಹೆಸರಿಸಿದ ಹತ್ತು ಗಣ್ಯರಲ್ಲಿ ನಂದನ್ ನಿಲೇಕಣಿ ಮತ್ತು ಸುಧಾ ಮೂರ್ತಿಯವರೂ ಇದ್ದರು. ಆಗಸ್ಟ್ 15ರಂದು ಕೆಂಪುಕೋಟೆಯ ಮೇಲಿಂದಲೂ ಅದೇ ಮಾತು ಬಂತು. ಬೊಜ್ಜನ್ನು ದೇಶದ ಸಮಸ್ಯೆಯೆಂದು ಪ್ರಧಾನಿಯೊಬ್ಬರು ಹೇಳಿದ್ದು ಒಳ್ಳೆಯದೇ, ಅದನ್ನು ಗೌರವದಿಂದಲೇ ಸ್ವೀಕರಿಸುತ್ತೇನೆ. ಆದರೆ ಕೇಳಿಕೊಂಡದ್ದೆಲ್ಲ ಮನೆಯ ಅಡುಗೆಮನೆಯನ್ನು. ಕಾರ್ಖಾನೆಯ ಅಡುಗೆಮನೆಗೆ ಒಂದು ಮಾತೂ ಇಲ್ಲ. ಅದೇ ವರ್ಷ ಮೇ ತಿಂಗಳ ಕೊನೆಯಲ್ಲಿ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಆಮದು ಸುಂಕವನ್ನು ಶೇ. 20ರಿಂದ ಶೇ. 10ಕ್ಕೆ ಇಳಿಸಲಾಯಿತು. ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಚಾಕೊಲೇಟು, ಐಸ್‌ಕ್ರೀಮುಗಳ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ, ಪೊಟ್ಟಣದ ಖಾರ ತಿಂಡಿ, ಇನ್‌ಸ್ಟಂಟ್ ನೂಡಲ್ಸುಗಳದು ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಬೆಲೆಯೇರಿಕೆಯಿಂದ ಬಸವಳಿದ ಜನರಿಗೆ ಎಣ್ಣೆ ಅಗ್ಗವಾಗಲಿ ಎಂಬ ಕಾರಣವನ್ನು ನಾನು ತಳ್ಳಿಹಾಕುವುದಿಲ್ಲ. ನನ್ನ ಮಾತು ಇಷ್ಟೇ: ಯಾವುದು ಅಗ್ಗ, ಯಾವುದು ತುಟ್ಟಿ ಎಂಬುದನ್ನು ಪ್ರತಿ ವರ್ಷ ಸಹಿ ಹಾಕಿ ನಿರ್ಧರಿಸುವ ಸರ್ಕಾರಕ್ಕೆ, ಜನ ಏನು ತಿನ್ನುತ್ತಾರೆಂಬುದು ಅವರವರ ವೈಯಕ್ತಿಕ ವಿಷಯವೆಂದು ಹೇಳಲು ಬರುವುದಿಲ್ಲ. ಆ ವೈಯಕ್ತಿಕ ವಿಷಯದೊಳಗೆ ಸರ್ಕಾರ ಎಂದೋ ಕೈಯಿಟ್ಟಿದೆ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ಹೊಣೆವಾದಿಗಳು ಇಷ್ಟಪಟ್ಟು ಬಳಸುತ್ತಾರೆ. ಗಾದೆ ಸರಿಯೇ. ಆದರೆ ಅಂಗಡಿಯ ಪೊಟ್ಟಣದೊಳಗಿನ ಊಟವನ್ನು ಬಲ್ಲವನಾಗುವುದು ಹೇಗೆ? ಹಿಂಬದಿಯ ಮಡಿಕೆಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಬಹುಪಾಲು ಇಂಗ್ಲಿಷಿನಲ್ಲಿ ಅಚ್ಚಾದ ಕೋಷ್ಟಕವನ್ನು ಓದಿಯೇ? ಉಪ್ಪು, ಸಕ್ಕರೆ, ಕೊಬ್ಬು ಅತಿಯಾಗಿದ್ದರೆ ಪೊಟ್ಟಣದ ಮುಂಬದಿಯಲ್ಲೇ ಎಲ್ಲರಿಗೂ ತಿಳಿಯುವಂತೆ ಗುರುತು ಹಾಕಬೇಕೆಂಬ ಚರ್ಚೆ ನಮ್ಮಲ್ಲಿ ಹತ್ತು ವರ್ಷಕ್ಕೂ ಹಳೆಯದು. ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಕರಡಿನಲ್ಲಿ ಕೆಂಪು ಗುರುತು ಪ್ರಸ್ತಾಪಿಸಿತು. ಉದ್ಯಮ ವಿರೋಧಿಸಿತು, ಕರಡು ಮೂಲೆ ಸೇರಿತು. 2022ರ ಕರಡಿನಲ್ಲಿ ಎಚ್ಚರಿಕೆಯ ಜಾಗಕ್ಕೆ ನಕ್ಷತ್ರಗಳು ಬಂದವು. ನಕ್ಷತ್ರ ಎಂದರೆ ಮೆಚ್ಚುಗೆಯ ಗುರುತು. ಸಕ್ಕರೆ ತುಂಬಿದ ತಿಂಡಿಗೂ ಒಂದೆರಡು ನಕ್ಷತ್ರ ದಕ್ಕಿದರೆ ತಾಯಿಗೆ ಅದರಿಂದ ತಿಳಿಯುವುದೇನು? 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮೂರು ತಿಂಗಳಲ್ಲಿ ಶಿಫಾರಸು ಸಿದ್ಧಪಡಿಸಿ ಎಂದು ಹೇಳಬೇಕಾಯಿತು. ಆ ಗಡುವೂ ಮುಂದಕ್ಕೆ ಹೋಯಿತು. ಇದೇ ನಡುವೆ ಸರ್ಕಾರಿ ಕಚೇರಿಗಳಲ್ಲಿ ಎಣ್ಣೆ, ಸಕ್ಕರೆಯ ಬಗ್ಗೆ ಎಚ್ಚರಿಸುವ ಫಲಕ ಹಾಕಿ ಎಂದು ಆರೋಗ್ಯ ಸಚಿವಾಲಯ ಸಲಹೆ ಕೊಟ್ಟಿತು. ಕ್ಯಾಂಟೀನಿನ ಗೋಡೆಗೆ ಹಾಕಲು ಸಾಧ್ಯವಾದ ಎಚ್ಚರಿಕೆಯನ್ನು ಪೊಟ್ಟಣದ ಮೇಲೆ ಹಾಕಲು ಏಕೆ ಸಾಧ್ಯವಾಗಲಿಲ್ಲ ಎಂದು ಕೇಳುವುದು ಪ್ರತಿಯೊಬ್ಬ ನಾಗರಿಕನ ಹಕ್ಕು. ತಿಳಿಯುವ ದಾರಿಯನ್ನೇ ಮುಚ್ಚಿಟ್ಟು, ತಿಳಿಯದೆ ತಿಂದವನನ್ನು ತಪ್ಪಿತಸ್ಥನೆನ್ನುವುದು ಅನ್ಯಾಯ.

ಚಿಲಿ ದೇಶ 2016ರ ಜೂನ್‌ನಿಂದ ಇದನ್ನು ಮಾಡಿ ತೋರಿಸಿದೆ. ಸಕ್ಕರೆ, ಉಪ್ಪು, ಪರ್ಯಾಪ್ತ ಕೊಬ್ಬು, ಕ್ಯಾಲೊರಿ ಮಿತಿ ಮೀರಿದ ಪೊಟ್ಟಣಗಳ ಮೇಲೆ ಕಪ್ಪು ಅಷ್ಟಭುಜದ ಗುರುತು ಕಡ್ಡಾಯ. ಅಂಥ ತಿನಿಸು ಶಾಲೆಯಲ್ಲಿ ಮಾರುವಂತಿಲ್ಲ. ಮಕ್ಕಳನ್ನು ಸೆಳೆಯುವ ಕಾರ್ಟೂನುಗಳನ್ನು ಪೊಟ್ಟಣದ ಮೇಲೆ ಹಾಕುವಂತಿಲ್ಲ. ಗುರುತು ಬಿದ್ದ ಪಾನೀಯಗಳ ಖರೀದಿ ಸುಮಾರು ಶೇ. 24ರಷ್ಟು ಇಳಿಯಿತು. ಬೊಜ್ಜು ರಾತ್ರೋರಾತ್ರಿ ಕರಗಲಿಲ್ಲ, ಹಾಗೆಂದು ಯಾರೂ ಭರವಸೆ ಕೊಟ್ಟಿರಲೂ ಇಲ್ಲ. ಆದರೆ ಜನರ ಕೈಗೆ ತಿಳಿವಳಿಕೆ ಕೊಟ್ಟಾಗ ಜನ ಅದನ್ನು ಬಳಸಿಕೊಂಡರು. ವೈಯಕ್ತಿಕ ಹೊಣೆಯನ್ನು ನಿಜವಾಗಿ ಗೌರವಿಸುವ ನೀತಿ ಎಂದರೆ ಇದು.

ಹಸುಗೂಸುಗಳ ವಿಷಯಕ್ಕೆ ಬಂದರೆ ಹೊಣೆವಾದ ಅಲ್ಲೇ ನೆಲಕಚ್ಚುತ್ತದೆ. ನೆಸ್ಲೆ ಕಂಪನಿಯ ಸೆರೆಲ್ಯಾಕ್ ಶಿಶು ಆಹಾರದ ಬಗ್ಗೆ ಪಬ್ಲಿಕ್ ಐ ಎಂಬ ಸ್ವಿಸ್ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ವರದಿ ಪ್ರಕಟಿಸಿತು. ಭಾರತದಲ್ಲಿ ಮಾರುವ ಡಬ್ಬಿಗಳಲ್ಲಿ ಒಂದು ಹೊತ್ತಿನ ಉಣಿಸಿಗೆ ಸರಾಸರಿ ಮೂರು ಗ್ರಾಂನಷ್ಟು ಸಕ್ಕರೆ ಬೆರೆಸಿತ್ತು. ಜರ್ಮನಿ, ಬ್ರಿಟನ್‌ಗಳಲ್ಲಿ ಮಾರುವುದರಲ್ಲಿ ಬೆರೆಸಿರಲಿಲ್ಲ. ವಿಷಯ ಗದ್ದಲವಾದ ಮೇಲೆ ಸಕ್ಕರೆ ಬೆರೆಸದ ಬಗೆಗಳನ್ನು ಇಲ್ಲಿಯೂ ತರುವುದಾಗಿ ಕಂಪನಿ ಹೇಳಿತು. ಅಂದರೆ ಸಕ್ಕರೆಯಿಲ್ಲದೆ ತಯಾರಿಸುವುದು ಮೊದಲಿನಿಂದಲೂ ಸಾಧ್ಯವಿತ್ತು. ಆರು ತಿಂಗಳ ಕೂಸಿಗೆ ಯಾವ ಸಂಕಲ್ಪಬಲವನ್ನು ಬೋಧಿಸೋಣ? ಜಗತ್ತಿನಲ್ಲಿ 5ರಿಂದ 19 ವರ್ಷದ ಮಕ್ಕಳಲ್ಲಿ ಕಡಿಮೆ ತೂಕದವರಿಗಿಂತ ಬೊಜ್ಜಿನವರೇ ಹೆಚ್ಚಾಗಿದ್ದಾರೆಂದು ಯುನಿಸೆಫ್ 2025ರಲ್ಲಿ ಎಚ್ಚರಿಸಿದೆ. ಈ ಮಕ್ಕಳು ಅಂಗಡಿಗೆ ಹೋಗಿ ಆರಿಸಿದ್ದಲ್ಲ. ಅಂಗಡಿಯೇ ಅವರನ್ನು ಹುಡುಕಿಕೊಂಡು ಟೀವಿಗೆ, ಮೊಬೈಲಿಗೆ, ಶಾಲೆಯ ಗೇಟಿಗೆ ಬಂದಿದೆ.

‘ನಮ್ಮ ತೆರಿಗೆ ಏಕೆ?’ ಎಂಬ ಪ್ರಶ್ನೆಗೂ ನೇರವಾಗಿ ಉತ್ತರಿಸುತ್ತೇನೆ. ನಮ್ಮ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ 2021-22ರ ಲೆಕ್ಕದಂತೆ ಶೇ. 39.4ರಷ್ಟನ್ನು ಜನ ತಮ್ಮ ಜೇಬಿನಿಂದಲೇ ಭರಿಸುತ್ತಿದ್ದರು. ಸಕ್ಕರೆ ಕಾಯಿಲೆಯ ಮಾತ್ರೆಗೆ, ಡಯಾಲಿಸಿಸ್‌ಗೆ ಮನೆಯ ಒಡವೆ ಅಡ ಇಡುವವರನ್ನು ಪರರ ತೆರಿಗೆ ತಿನ್ನುವವರೆಂದು ಕರೆಯುವುದು ಸುಳ್ಳು, ಕ್ರೂರ ಕೂಡ. ವಿಮೆಯ ಮಾತೂ ಕೇಳಿ. ವಿಮಾ ಪ್ರಾಧಿಕಾರದ ನಿಯಮಗಳಂತೆ, ಬೊಜ್ಜಿನ ಶಸ್ತ್ರಚಿಕಿತ್ಸೆಗೆ ವಿಮೆ ಸಿಗಬೇಕಾದರೆ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಸೂಚ್ಯಂಕ) 40 ಮುಟ್ಟಿರಬೇಕು, ಇಲ್ಲವೇ 35 ಮುಟ್ಟಿ ಜೊತೆಗೆ ಗಂಭೀರ ಕಾಯಿಲೆಯೂ ಇರಬೇಕು. ಭಾರತೀಯರ ದೇಹಕ್ಕೆ 23ಕ್ಕೇ ಅಪಾಯ ಶುರುವೆಂದು ನಮ್ಮ ವೈದ್ಯರೇ ಮಿತಿ ಹಾಕಿಕೊಂಡಿದ್ದಾರೆ. ಇಲ್ಲಿ ಯಾರ ಹೊರೆಯನ್ನು ಯಾರು ಹೊರುತ್ತಿದ್ದಾರೆ? ಇನ್ನು ಬೊಜ್ಜಿನವರಿಂದ ಸರ್ಕಾರಕ್ಕೆ ಖರ್ಚು ಹೆಚ್ಚು ಎಂಬ ನಂಬಿಕೆಯನ್ನು ನೆದರ್ಲೆಂಡ್ಸ್‌ನ ಸಂಶೋಧಕರು 2008ರಲ್ಲಿ ಲೆಕ್ಕ ಹಾಕಿ ಪರೀಕ್ಷಿಸಿದ್ದಾರೆ. ಇಡೀ ಜೀವಮಾನದ ಚಿಕಿತ್ಸಾ ವೆಚ್ಚ ಅತಿ ಹೆಚ್ಚು ಬಂದದ್ದು ಆರೋಗ್ಯವಂತರದ್ದು. ಏಕೆಂದರೆ ಅವರು ಹೆಚ್ಚು ಕಾಲ ಬದುಕುತ್ತಾರೆ. ಬೊಜ್ಜಿನವರು ಬೇಗ ಸಾಯುತ್ತಾರೆ ಎಂಬುದೇ ಆ ಲೆಕ್ಕದ ಒಳಗಿನ ದುರಂತ. ಬೊಜ್ಜನ್ನು ತಡೆಯಬೇಕಾದದ್ದು ಖಜಾನೆ ಉಳಿಸಲು ಅಲ್ಲ, ಆ ಜನರನ್ನು ಉಳಿಸಲು.

ಸಕ್ಕರೆಗೆ ತೆರಿಗೆ ಹಾಕಿದರೆ ಹೊಡೆತ ಬೀಳುವುದು ಬಡವರಿಗೇ ಅಲ್ಲವೇ ಎಂಬ ಆಕ್ಷೇಪ ಪ್ರಾಮಾಣಿಕವಾದದ್ದು, ಅದಕ್ಕೆ ತೂಕವಿದೆ. ಮೆಕ್ಸಿಕೋ 2014ರ ಜನವರಿಯಿಂದ ಸಿಹಿ ಪಾನೀಯಗಳಿಗೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿತು. ಮೊದಲ ವರ್ಷ ಖರೀದಿ ಸರಾಸರಿ ಶೇ. 6ರಷ್ಟು ಇಳಿಯಿತು, ಅತ್ಯಂತ ಬಡ ಮನೆಗಳಲ್ಲಿ ಶೇ. 9ರಷ್ಟು. ಹಾಗಾಗಿ ತೆರಿಗೆಯ ಲಾಭವೂ ಆರೋಗ್ಯದ ರೂಪದಲ್ಲಿ ಹೆಚ್ಚು ಸಲ್ಲಬೇಕಾದದ್ದು ಅವರಿಗೇ. ಬ್ರಿಟನ್ ಇನ್ನೂ ಜಾಣ ದಾರಿ ಹಿಡಿಯಿತು. 2018ರ ಏಪ್ರಿಲ್‌ನಿಂದ ತಯಾರಕರ ಮೇಲೆ, ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ಸುಂಕ: 100 ಮಿಲಿಲೀಟರಿಗೆ 5 ಗ್ರಾಂ ಮುಟ್ಟಿದರೆ ಒಂದು ದರ, 8 ಗ್ರಾಂ ಮುಟ್ಟಿದರೆ ಹೆಚ್ಚಿನ ದರ. ಎರಡು ವರ್ಷ ಮೊದಲೇ ಸಾರಿದ್ದರಿಂದ ಬಹಳಷ್ಟು ಕಂಪನಿಗಳು ಸುಂಕ ತಪ್ಪಿಸಿಕೊಳ್ಳಲು ಸಕ್ಕರೆಯನ್ನೇ ಇಳಿಸಿದವು. ಕುಡಿಯುವವರು ಯಾವ ಸಂಕಲ್ಪವನ್ನೂ ಮಾಡಬೇಕಾಗಲಿಲ್ಲ. ಹತ್ತು-ಹನ್ನೊಂದರ ಹೆಣ್ಣುಮಕ್ಕಳಲ್ಲಿ ಬೊಜ್ಜು ನಿರೀಕ್ಷಿತ ಮಟ್ಟಕ್ಕಿಂತ ಶೇ. 8ರಷ್ಟು ಕಡಿಮೆಯಿದ್ದದ್ದಕ್ಕೂ ಈ ಸುಂಕಕ್ಕೂ ನಂಟಿದೆಯೆಂದು ಕೇಂಬ್ರಿಜ್ ಸಂಶೋಧಕರು 2023ರಲ್ಲಿ ವರದಿ ಮಾಡಿದರು; ಇಳಿಕೆ ಹೆಚ್ಚಾಗಿ ಕಂಡದ್ದು ಬಡ ಪ್ರದೇಶಗಳಲ್ಲಿ. ನಮ್ಮಲ್ಲಿ ಸಿಹಿ ಸೋಡಾಗಳ ಮೇಲೆ ಶೇ. 40ರ ತೆರಿಗೆ ಇದೆ, ನಿಜ. ಆದರೆ ಸಕ್ಕರೆ ತುಂಬಿದ್ದಕ್ಕೂ ಸಕ್ಕರೆಯೇ ಇಲ್ಲದ್ದಕ್ಕೂ ದರ ಒಂದೇ. ಸಕ್ಕರೆ ಇಳಿಸಲು ತಯಾರಕನಿಗೆ ಅದರಲ್ಲಿ ಯಾವ ಪ್ರೇರಣೆಯೂ ಇಲ್ಲ.

ತೆರಿಗೆ ಹಾಕಿದ್ದೆಲ್ಲ ಸರಿ ಎಂದೂ ನಾನು ಹೇಳುವುದಿಲ್ಲ. ಕೇರಳ 2016ರಲ್ಲಿ ಬ್ರಾಂಡೆಡ್ ಹೋಟೆಲುಗಳ ಬರ್ಗರ್, ಪಿಜ್ಜಾಗಳ ಮೇಲೆ ಶೇ. 14.5ರ ಕೊಬ್ಬಿನ ತೆರಿಗೆ ಹಾಕಿತು. ಉಳಿದ ಕರಿದ ತಿಂಡಿ, ಪೊಟ್ಟಣಗಳನ್ನು ಬಿಟ್ಟು ಕೆಲವೇ ತಿನಿಸುಗಳಿಗೆ ಹಾಕಿದ ಆ ತೆರಿಗೆ ಮರುವರ್ಷ ಜಿಎಸ್‌ಟಿ ಬಂದಾಗ ಮುಗಿಯಿತು. ಗುರಿ ತಪ್ಪಿದ ನೀತಿಗಳಿವೆ, ಅವನ್ನು ತಿದ್ದಬೇಕು. ಆದರೆ ನೀತಿ ತಪ್ಪಬಹುದೆಂಬ ಕಾರಣಕ್ಕೆ ನೀತಿಯೇ ಬೇಡ, ಉಪದೇಶ ಸಾಕು ಎನ್ನುವುದು ಸೋಲೊಪ್ಪಿಕೊಂಡಂತೆ.

ಸರ್ಕಾರ ನಮ್ಮ ತಟ್ಟೆಯಲ್ಲಿ ಇಣುಕಬಾರದು, ಸ್ವಾತಂತ್ರ್ಯ ಮುಖ್ಯ ಎನ್ನುವವರ ಜೊತೆ ನಾನೂ ಇದ್ದೇನೆ. ಯಾರ ಬಾಯಿಂದಲೂ ತುತ್ತು ಕಸಿಯಿರಿ ಎಂದು ನಾನು ಕೇಳುತ್ತಿಲ್ಲ. ಏನು ತಿನ್ನುತ್ತಿದ್ದೇನೆಂದು ತಿಳಿಯದೆ, ಬೇರೆಯದನ್ನು ಕೊಳ್ಳಲು ಕಾಸಿಲ್ಲದೆ, ಅಡುಗೆ ಮಾಡಲು ಹೊತ್ತಿಲ್ಲದೆ ಮಾಡಿದ ಆಯ್ಕೆ ಸ್ವತಂತ್ರ ಆಯ್ಕೆಯಲ್ಲ. ತಿಳಿವಳಿಕೆ, ಕೈಗೆಟುಕುವ ದರ, ಬಿಡುವು ಇವಿದ್ದಾಗಲೇ ಒಬ್ಬ ಮನುಷ್ಯನನ್ನು ಅವನ ಊಟಕ್ಕೆ ಹೊಣೆಗಾರನೆನ್ನಬಹುದು. ಅದಕ್ಕೂ ಮೊದಲು ಹೊಣೆ ಹೊರಿಸಿದರೆ ಅದು ಬರೀ ದೂಷಣೆ. ದೂಷಣೆ ಯಾರನ್ನೂ ತೆಳ್ಳಗೆ ಮಾಡಿಲ್ಲ. ತೂಕದ ಕಾರಣಕ್ಕೆ ತಾರತಮ್ಯ ಅನುಭವಿಸಿದವರು ನಾಲ್ಕು ವರ್ಷಗಳಲ್ಲಿ ಬೊಜ್ಜಿನ ಮಟ್ಟ ಮುಟ್ಟುವ ಸಂಭವ ಉಳಿದವರಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚೆಂದು ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಡುಮ್ಮಿ ಎಂದು ಕರೆಸಿಕೊಂಡ ಹುಡುಗಿ ಆಟದ ಮೈದಾನಕ್ಕೆ ಇಳಿಯುವುದಿಲ್ಲ. ಬೈಸಿಕೊಂಡ ರೋಗಿ ಮುಂದಿನ ಸಲ ಕ್ಲಿನಿಕ್ಕಿಗೆ ಬರುವುದಿಲ್ಲ.

ಆದ್ದರಿಂದ ಕೇಳಬೇಕಾದವರನ್ನೇ ಕೇಳೋಣ. ಪೊಟ್ಟಣದ ಮುಂಬದಿಯಲ್ಲಿ ನಕ್ಷತ್ರಗಳ ಬದಲು ಸ್ಪಷ್ಟ ಎಚ್ಚರಿಕೆಯ ಗುರುತು, ನಾಡಿನ ಜನ ಓದಬಲ್ಲ ಭಾಷೆಯಲ್ಲಿ, ಕಡ್ಡಾಯವಾಗಿ ಬರಲಿ. ಪಾನೀಯ, ತಿನಿಸುಗಳ ತೆರಿಗೆ ಅವುಗಳಲ್ಲಿನ ಸಕ್ಕರೆ, ಉಪ್ಪಿನ ಪ್ರಮಾಣಕ್ಕೆ ತಕ್ಕಂತಿರಲಿ. 2024-25ರ ಆರ್ಥಿಕ ಸಮೀಕ್ಷೆಯೇ ಅತಿಸಂಸ್ಕರಿತ ಆಹಾರಕ್ಕೆ ಆರೋಗ್ಯ ತೆರಿಗೆಯ ಮಾತೆತ್ತಿದೆ. ಆ ಹಣ ಅಂಗನವಾಡಿಯ ಮೊಟ್ಟೆಗೆ, ಪಡಿತರದ ಬೇಳೆ, ರಾಗಿ, ಜೋಳಕ್ಕೆ ಹೋಗಲಿ. ಶಾಲೆಯ ಸುತ್ತ 50 ಮೀಟರಿನೊಳಗೆ ಉಪ್ಪು, ಸಕ್ಕರೆ, ಕೊಬ್ಬು ಅತಿಯಾದ ತಿನಿಸು ಮಾರಬಾರದೆಂಬ 2020ರ ನಿಯಮ ಕಾಗದದಿಂದ ಬೀದಿಗೆ ಇಳಿಯಲಿ. ಬಸುರಿಯರಿಗೆ ಸಕ್ಕರೆ ಕಾಯಿಲೆಯ ತಪಾಸಣೆ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪ್ಪದೆ ನಡೆಯಲಿ. ಬೊಜ್ಜಿನ ಚಿಕಿತ್ಸೆ ದುಡ್ಡಿದ್ದವರ ಸವಲತ್ತಾಗದೆ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೂ ಬರಲಿ.

ಇಷ್ಟಾದ ಮೇಲೂ ಒಬ್ಬೊಬ್ಬರ ಪಾಲಿನ ಹೊಣೆ ಉಳಿಯುತ್ತದೆ. ಅದನ್ನು ನಾನು ಯಾರಿಂದಲೂ ಕಸಿಯಲು ಹೊರಟಿಲ್ಲ. ಆದರೆ ಸರದಿಯಲ್ಲಿ ಅದು ಕೊನೆಯದು. ದರ ಕಟ್ಟುವವರು, ಕಾನೂನು ಬರೆಯುವವರು, ಡಬ್ಬಿ ತುಂಬುವವರು ತಮ್ಮ ಪಾಲಿನ ಹೊಣೆ ಹೊತ್ತ ಮೇಲಷ್ಟೇ ತಕ್ಕಡಿಯ ಮೇಲೆ ನಿಂತ ಮನುಷ್ಯನಿಂದ ಲೆಕ್ಕ ಕೇಳುವ ಅಧಿಕಾರ ಸಮಾಜಕ್ಕೆ ಬರುತ್ತದೆ.